ಹೊಸ ರಸ್ತೆ ‘ತೃಪ್ತಿಕರ’ ಅಂತ ಪತ್ರ ಕೊಡೋ ಮುಂಚೆ ಏನೇನು ನೋಡ್ಬೇಕು?

ಮೂರನೇ_ಮೇನ್ (ಬೆಂಗಳೂರು)

ನಮ್ಮ ಬಡಾವಣೆಯ ಮುಖ್ಯರಸ್ತೆ ಕಾಮಗಾರಿ ಮುಗೀತು ಅಂತ ಗುತ್ತಿಗೆದಾರರು ಹೇಳ್ತಿದ್ದಾರೆ. ಮುಕ್ಕಾಲು ಕಿಲೋಮೀಟರ್ ಉದ್ದ, ಎರಡೂ ಕಡೆ ಫುಟ್‌ಪಾತ್, ಹೊಸ ಡಾಂಬರು, ಹೊಸ ದೀಪದ ಕಂಬ, ಹಳದಿ ಟೈಲ್ಸು. ಈಗ ನಿವಾಸಿಗಳ ಸಂಘದಿಂದ ‘ಕೆಲಸ ತೃಪ್ತಿಕರವಾಗಿದೆ’ ಅಂತ ಒಂದು ಪತ್ರ ಬೇಕಂತೆ. ಸಂಘದಲ್ಲಿ ಅರ್ಧ ಜನಕ್ಕೆ ಖುಷಿ, ಯಾಕಂದ್ರೆ ನೋಡೋಕೆ ಚೆನ್ನಾಗಿದೆ. ಇನ್ನರ್ಧ ಜನಕ್ಕೆ ಸಿಟ್ಟು, ಯಾಕಂದ್ರೆ ಮನೆ ಮುಂದೆ ಕಾರು ನಿಲ್ಲಿಸೋ ಜಾಗ ಹೋಯ್ತು. ಎರಡು ಗುಂಪೂ ಕೆಲಸ ಹೇಗಾಗಿದೆ ಅಂತ ನೋಡ್ತಾ ಇಲ್ಲ. ಪತ್ರ ಬರೆಯೋ ಕೆಲಸ ನನ್ನ ತಲೆ ಮೇಲೆ ಬಿದ್ದಿದೆ. ನಾನು ಓದಿದ್ದು ಕಾಮರ್ಸು. ಗೊತ್ತಿರೋರು ಹೇಳಿ, ಎಲ್ಲಿಂದ ಶುರು ಮಾಡ್ಲಿ?

ಗುಂಡಿಗೆ_ಗುಂಡಿ

ಒಂದು ಒಳ್ಳೇ ಮಳೆ ಬರೋವರೆಗೆ ಪೆನ್ನು ಮುಟ್ಟಬೇಡಿ.

ನಿವೃತ್ತ_ಎಇಇ

ಮೇಲಿನವರು ತಮಾಷೆಗೆ ಹೇಳಿದ್ದರೂ ಅದು ಸರಿ. ಆದರೆ ಮಳೆಗೆ ಕಾಯಬೇಕಿಲ್ಲ. ಡಾಂಬರು ರಸ್ತೆ ಮಧ್ಯದಲ್ಲಿ ಉಬ್ಬಿ ಅಂಚಿಗೆ ಇಳಿಯಬೇಕು. ಇದಕ್ಕೆ ಕ್ಯಾಂಬರ್ ಅಂತೀವಿ, ಸಾಮಾನ್ಯವಾಗಿ ಶೇ 2ರಿಂದ 2.5. ಅಂದರೆ 7 ಮೀಟರ್ ಅಗಲದ ರಸ್ತೆಗೆ ಮಧ್ಯಕ್ಕೂ ಅಂಚಿಗೂ 7ರಿಂದ 9 ಸೆಂ.ಮೀ. ವ್ಯತ್ಯಾಸ. ಮನೆ ಕಟ್ಟೋ ಮೇಸ್ತ್ರಿ ಹತ್ತಿರ ನೀರು ತುಂಬಿದ ಟ್ಯೂಬ್ ಲೆವೆಲ್ ಇರುತ್ತಲ್ಲ, ಅದನ್ನು ತಗೊಂಡು ನಾಲ್ಕಾರು ಕಡೆ ಹಿಡಿದು ನೋಡಿ. ಹತ್ತು ನಿಮಿಷದ ಕೆಲಸ. ಆಮೇಲೆ ಚರಂಡಿ ಬಾಯಿಗೆ ಬನ್ನಿ. ಫುಟ್‌ಪಾತಿನ ಅಂಚಿಗೆ ನಿಲ್ಲಿಸೋ ಕರ್ಬ್ ಕಲ್ಲಿನ ಪಕ್ಕದ ಗ್ರೇಟಿಂಗ್, ಅಂದರೆ ಚರಂಡಿ ಬಾಯಿಯ ಜಾಲರಿ, ಡಾಂಬರಿನ ಮಟ್ಟಕ್ಕಿಂತ ಒಂದಿಷ್ಟು ಕೆಳಗಿರಬೇಕು. ಎಷ್ಟೋ ಕಡೆ ಅದು ಒಂದಿಂಚು ಮೇಲೆ ಕೂತಿರುತ್ತೆ. ನೀರು ಅದನ್ನು ಬಳಸಿಕೊಂಡು ಮುಂದೆ ಹೋಗಿ ತಿರುವಿನಲ್ಲಿ ನಿಲ್ಲುತ್ತೆ. ನಿಂತ ನೀರು ಡಾಂಬರಿನೊಳಗೆ ಇಳಿಯುತ್ತೆ, ಮೇಲೆ ಬಸ್ಸು ಓಡುತ್ತೆ, ಗುಂಡಿ ಹುಟ್ಟುತ್ತೆ. ಡಾಂಬರೇ ಕಳಪೆ ಅಂತ ಎಲ್ಲರೂ ಬೈತಾರೆ. ಎಷ್ಟೋ ಸಲ ಡಾಂಬರು ಸರಿಯಾಗೇ ಇರುತ್ತೆ, ನೀರಿಗೆ ಹೋಗೋಕೆ ದಾರಿ ಇರೋದಿಲ್ಲ.

ಗ್ರೇಟಿಂಗಿನ ಸಂದು ರಸ್ತೆಗೆ ಅಡ್ಡವಾಗಿದೆಯೋ ಉದ್ದಕ್ಕಿದೆಯೋ ಅದನ್ನೂ ನೋಡಿ. ಉದ್ದಕ್ಕಿದ್ದರೆ ಸೈಕಲ್ ಚಕ್ರ ಸಿಕ್ಕಿಕೊಳ್ಳುತ್ತೆ.

ಇನ್ನು ಕೆಳಗಿನ ಪದರಗಳು. ಅದು ನಿಮಗೆ ಈಗ ಕಾಣೋದಿಲ್ಲ, ಕೆಲಸ ನಡೆಯುವಾಗಲೇ ನೋಡಬೇಕಿತ್ತು. ಹಳೇ ಪದರಕ್ಕೂ ಹೊಸದಕ್ಕೂ ನಡುವೆ ಟ್ಯಾಕ್ ಕೋಟ್, ಅಂದರೆ ಎರಡನ್ನೂ ಅಂಟಿಸೋ ತೆಳು ಡಾಂಬರು, ಹೊಡೀತಾರೆ. ಹೊಡೆದಾಗ ಅದು ಕಂದು ಬಣ್ಣ, ಒಳಗಿನ ನೀರು ಬಿಟ್ಟ ಮೇಲೆ ಕಪ್ಪಾಗುತ್ತೆ. ಕಪ್ಪಾಗೋವರೆಗೆ ಕಾಯದೆ ಟಿಪ್ಪರ್ ಹಿಂದಕ್ಕೆ ತಗೊಂಡರೆ ಅದೆಲ್ಲ ಟೈರಿಗೆ ಅಂಟಿಕೊಂಡು ಹೋಗುತ್ತೆ, ಮೇಲಿನ ಪದರ ಹಪ್ಪಳದ ಹಾಗೆ ಏಳುತ್ತೆ. ರಾತ್ರಿ ಹನ್ನೆರಡಕ್ಕೆ ಕೆಲಸ ಮಾಡಿದರೆ ಇದನ್ನೆಲ್ಲ ನೋಡೋರು ಯಾರು? ಹಾಕೋ ಮಾಲಿನ ಬಿಸಿ ಇನ್ನೊಂದು. ರೋಲಿಂಗ್ ಮುಗಿಯುವಾಗಲೂ ಅದು 90 ಡಿಗ್ರಿಯ ಆಸುಪಾಸಿಗಿಂತ ಕೆಳಗೆ ಇಳಿದಿರಬಾರದು. ದೂರದ ಪ್ಲಾಂಟಿನಿಂದ ಬಂದು ಟ್ರಾಫಿಕ್‌ನಲ್ಲಿ ನಿಂತ ಲಾರಿಯ ಮಾಲು ಎಷ್ಟು ತಣ್ಣಗಾಗಿರುತ್ತೆ ಅಂತ ನೀವೇ ಊಹಿಸಿ.

ಮೂರನೇ_ಮೇನ್

ಸರ್, ಬಹಳ ಉಪಕಾರ. ಆದ್ರೆ ಕೆಳಗಿನ ಪದರ ನೋಡೋಕೆ ಈಗ ದಾರಿಯೇ ಇಲ್ವಾ?

ನಿವೃತ್ತ_ಎಇಇ

ಇದೆ. ಕೋರ್ ತೆಗೆಸಬಹುದು, ಅಂದರೆ ರಸ್ತೆಗೆ ದುಂಡಗೆ ತೂತು ಕೊರೆದು ಪದರದ ದಪ್ಪ, ಸಾಂದ್ರತೆ ಅಳೆಯೋದು. ಮಾಹಿತಿ ಹಕ್ಕು ಕಾಯ್ದೆ 2005ರ ಕಲಂ 2(ಜೆ) ಓದಿ. ಕಾಗದಪತ್ರದ ನಕಲು ಕೇಳೋದು ಮಾತ್ರ ಅಲ್ಲ, ಕಾಮಗಾರಿಯನ್ನು ಪರಿಶೀಲಿಸೋ ಹಕ್ಕು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯೋ ಹಕ್ಕು ಎರಡೂ ಅದರಲ್ಲಿವೆ. ಜನ ಇದನ್ನು ಬಳಸೋದೇ ಇಲ್ಲ. ಜೊತೆಗೆ ಅಳತೆ ಪುಸ್ತಕ, ಎಂ-ಬುಕ್ ಅಂತೀವಲ್ಲ, ಅದರ ನಕಲು ಕೇಳಿ. ಬಿಲ್ಲು ಪಾಸಾಗೋದು ಅದರ ಮೇಲೆ. ಅದರಲ್ಲಿ ಬರೆದ ಅಳತೆಗೂ ನಿಮ್ಮ ಟೇಪಿನ ಅಳತೆಗೂ ತಾಳೆ ನೋಡಿದರೆ ಅರ್ಧ ಕಥೆ ಗೊತ್ತಾಗುತ್ತೆ.

ಗಾಲಿಕುರ್ಚಿ_ಗೆಳತಿ

ಡಾಂಬರಿನ ಬಗ್ಗೆ ಇಷ್ಟು ಮಾತಾಯ್ತು, ಫುಟ್‌ಪಾತಿಗೂ ಬನ್ನಿ. ನಾನು ವೀಲ್‌ಚೇರ್ ಬಳಸ್ತೀನಿ. ಹೊಸ ಫುಟ್‌ಪಾತುಗಳ ಫೋಟೋ ನೋಡಿದ್ರೆ ಸ್ವರ್ಗ, ಮೇಲೆ ಹೋದ್ರೆ ರೋಲರ್ ಕೋಸ್ಟರ್. ಕಾರಣ ಪ್ರತಿ ಮನೆಯ ಗೇಟು. ಗೇಟು ಬಂದ ಕಡೆಯೆಲ್ಲ ಫುಟ್‌ಪಾತನ್ನು ರಸ್ತೆ ಮಟ್ಟಕ್ಕೆ ಇಳಿಸಿ ಮತ್ತೆ ಹತ್ತಿಸ್ತಾರೆ. ಮೂವತ್ತು-ನಲವತ್ತು ಅಡಿ ಸೈಟುಗಳ ಬೀದೀಲಿ ಹತ್ತು ಹನ್ನೆರಡು ಮೀಟರಿಗೊಂದು ಇಳಿಜಾರು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪಾದಚಾರಿ ಮಾರ್ಗಸೂಚಿ (ಐಆರ್‌ಸಿ 103) ಹೇಳೋದು ಇದರ ಉಲ್ಟಾ: ಫುಟ್‌ಪಾತು ಒಂದೇ ಮಟ್ಟದಲ್ಲಿ ಮುಂದುವರೀಬೇಕು, ಕಾರು ಸಣ್ಣ ರ‍್ಯಾಂಪ್ ಹತ್ತಿ ದಾಟಿ ಒಳಗೆ ಹೋಗ್ಬೇಕು.

ಮೂಲೆಯ ರ‍್ಯಾಂಪುಗಳ ಲೆಕ್ಕ ನೋಡಿ. 12 ಅಡಿ ಉದ್ದಕ್ಕೆ 1 ಅಡಿಗಿಂತ ಹೆಚ್ಚು ಏರು ಇರಬಾರದು. ಕರ್ಬ್ 15 ಸೆಂ.ಮೀ. ಎತ್ತರ ಇದ್ರೆ ರ‍್ಯಾಂಪು 1.8 ಮೀಟರ್ ಉದ್ದ ಬೇಕು. ಎಷ್ಟೋ ಕಡೆ ಇಡೀ ಫುಟ್‌ಪಾತಿನ ಅಗಲವೇ 1.8 ಮೀಟರ್! ಅದಕ್ಕೇ ಒಂದು ಮುದ್ದೆ ಸಿಮೆಂಟು ಮೆತ್ತಿ ‘ರ‍್ಯಾಂಪ್ ಆಯ್ತು’ ಅಂತಾರೆ, ನಾನು ಅದರಲ್ಲಿ ಹಿಂದಕ್ಕೆ ಬೀಳ್ತೀನಿ. ಇಡೀ ಮೂಲೆಯನ್ನೇ ನಿಧಾನಕ್ಕೆ ಇಳಿಸೋದೊಂದು ದಾರಿ. ಇಲ್ಲ, ಅಡ್ಡರಸ್ತೆಯನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತಬೇಕು. ನನಗೆ ಎರಡನೆಯದೇ ಇಷ್ಟ, ಅಲ್ಲಿ ವಾಹನ ತಾನಾಗೇ ನಿಧಾನ ಆಗುತ್ತೆ.

ಹಳದಿ ಟೈಲ್ಸು ಅಂದ್ರಲ್ಲ, ಉದ್ದ ಗೆರೆ ಇರೋದು ‘ಮುಂದೆ ನಡೀರಿ’, ಚುಕ್ಕಿ ಇರೋದು ‘ನಿಲ್ಲಿ, ಎಚ್ಚರ’. ಕಣ್ಣು ಕಾಣದವರಿಗೆ ಅದು ದಾರಿ. ನಿಮ್ಮ ಬೀದಿಯ ಗೆರೆ ಎಲ್ಲಿಗೆ ಹೋಗಿ ಮುಗಿಯುತ್ತೆ ಅಂತ ಅದರ ಮೇಲೇ ನಡೆದು ನೋಡಿ, ಆಮೇಲೆ ಇಲ್ಲಿ ಬರೀರಿ.

ಮೂರನೇ_ಮೇನ್

ನೋಡ್ಕೊಂಡು ಬಂದೆ. ಒಂದು ಕಡೆ ಗೆರೆ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯ ಕೆಳಗೆ ಹೋಗುತ್ತೆ, ಆ ಕಡೆಯಿಂದ ಮತ್ತೆ ಶುರು ಆಗುತ್ತೆ. ಇನ್ನೊಂದು ಕಡೆ ಚುಕ್ಕಿ ಟೈಲ್ಸು ಮುಗಿದ ಮೇಲೆ ಗೆರೆ ಟೈಲ್ಸನ್ನ ಅಡ್ಡಡ್ಡ ಹಾಕಿದ್ದಾರೆ, ಬಹುಶಃ ಡಿಸೈನು ಚೆಂದ ಕಾಣ್ಲಿ ಅಂತ. ಟೇಪು ಹಿಡಿದೆ. ನಕ್ಷೇಲಿ ಫುಟ್‌ಪಾತು 2 ಮೀಟರ್. ನಿಜಕ್ಕೂ ಕರ್ಬಿನಿಂದ ಕಾಂಪೌಂಡಿಗೆ 2 ಮೀಟರೇ ಇದೆ. ಆದ್ರೆ ದೀಪದ ಕಂಬ ಸರಿಯಾಗಿ ಮಧ್ಯೆ ನಿಂತಿದೆ. ಕಂಬದ ಎರಡು ಪಕ್ಕದಲ್ಲೂ ಮೀಟರಿಗೆ ಕಡಿಮೆ. ಇದನ್ನ 2 ಮೀಟರ್ ಅಂತ ಒಪ್ಕೋಬೇಕಾ?

ಗಾಲಿಕುರ್ಚಿ_ಗೆಳತಿ

ಒಪ್ಕೋಬೇಡಿ. ಮಾರ್ಗಸೂಚಿ ಕೇಳೋ 1.8 ಮೀಟರು ಅಡಚಣೆ ಇಲ್ಲದ ಅಗಲ. ಕಂಬ, ಮರ, ಪೆಟ್ಟಿಗೆ, ಬೋರ್ಡು ಎಲ್ಲಾ ಬಿಟ್ಟು. ಅತಿ ಇಕ್ಕಟ್ಟಾದ ಜಾಗದಲ್ಲಿ ಎಷ್ಟಿದೆಯೋ ಅದೇ ಆ ಫುಟ್‌ಪಾತಿನ ಅಗಲ. ನಾನು ಹಿಂದೆ ತಿರುಗಿ ಹೋಗೋದು ಅಲ್ಲಿಂದಲೇ ತಾನೆ.

ಆಕ್ಟಿವಾ_ಅಪ್ಪಾಜಿ

ಫುಟ್‌ಪಾತ್ ಚೆನ್ನಾಗಿ ಮಾಡಿದ್ರೆ ಮೊದ್ಲು ಬರೋದು ಬೈಕು. ನೇರ ಮಾತು. ಬೊಲಾರ್ಡ್ (ಅಡ್ಡ ನಿಲ್ಲಿಸೋ ಗಿಡ್ಡ ಕಂಬ) ಒತ್ತೊತ್ತಾಗಿ ನೆಟ್ರೆ ಮುಗೀತು.

ಗಾಲಿಕುರ್ಚಿ_ಗೆಳತಿ

ಎಷ್ಟು ಒತ್ತೊತ್ತಾಗಿ, ಅಪ್ಪಾಜಿ? ನನ್ನ ಕುರ್ಚಿಗೆ ಕಮ್ಮಿ ಅಂದ್ರೂ 90 ಸೆಂ.ಮೀ. ಸಂದು ಬೇಕು. ನಿಮ್ಮ ಸ್ಕೂಟರಿನ ಹ್ಯಾಂಡಲ್ ಅದಕ್ಕಿಂತ ಕಿರಿದು. ನಾನು ಹೋಗೋ ಸಂದಿನಲ್ಲಿ ನೀವು ಆರಾಮಾಗಿ ಹೋಗ್ತೀರಿ, ನಿಮ್ಮನ್ನ ತಡೆಯೋ ಸಂದು ಮೊದಲು ನನ್ನ ತಡೆಯುತ್ತೆ.

ಆಕ್ಟಿವಾ_ಅಪ್ಪಾಜಿ

ಹಾಗಾದ್ರೆ ಕರ್ಬ್ ಎತ್ತರ ಮಾಡ್ಲಿ. ಒಂದಡಿ.

ನಿವೃತ್ತ_ಎಇಇ

ಒಂದಡಿ ಕರ್ಬ್ ಮಾಡಿದ ಕಾಲ ಇತ್ತು. ಬೈಕು ನಿಲ್ಲಲಿಲ್ಲ, ಗೇಟಿನ ರ‍್ಯಾಂಪಿನಿಂದ ಹತ್ತಿ ಮುಂದಿನ ಗೇಟಿನಲ್ಲಿ ಇಳಿದವು. ಮಂಡಿನೋವಿನ ಅಜ್ಜಿ ಮಾತ್ರ ರಸ್ತೆಗಿಳಿದು ನಡೆದರು. ಅದಕ್ಕೇ ಎತ್ತರದ ಮಿತಿ 15 ಸೆಂ.ಮೀ. ಅಂತ ಇರೋದು. ಬೈಕು ಯಾಕೆ ಹತ್ತುತ್ತೆ ಅಂತ ನೋಡಿ. ಸಿಗ್ನಲ್ ಹತ್ತಿರ ರಸ್ತೆ ಒಂದೇ ಸಲ ಮೂರು ಲೇನಿನಿಂದ ಎರಡಕ್ಕೆ ಇಳಿದರೆ ಅಲ್ಲಿ ನುಗ್ಗಾಟ, ನುಗ್ಗಾಟ ಇದ್ದ ಕಡೆ ಫುಟ್‌ಪಾತಿಗೆ ಬೈಕು. ಲೇನಿನ ಅಗಲ ಉದ್ದಕ್ಕೂ ಒಂದೇ ಥರ ಇಡಬೇಕು ಅನ್ನೋದು ಅದಕ್ಕೆ. ಮಿಕ್ಕಿದ್ದು ಪೊಲೀಸರು ದಂಡ ಹಾಕೋದು. ಕಲ್ಲು ನೆಟ್ಟು ಎಲ್ಲವನ್ನೂ ಸರಿಮಾಡೋಕಾಗಲ್ಲ.

ಧಾರವಾಡ_ಫೇಡಾ

ನಮ್ಮ ಕಡೆ ಹುಬ್ಬಳ್ಳಿ-ಧಾರವಾಡ ಬಿಆರ್‌ಟಿಎಸ್ ಐತಲ್ರೀ, ಬಸ್ಸಿಗಂತ ಬ್ಯಾರೇನ ದಾರಿ, 2018ರಿಂದ ಚಿಗರಿ ಬಸ್ ಓಡ್ತಾವ. ಬಸ್ ಛಲೋ ಅದಾವ, ನಿಲ್ದಾಣಾನೂ ಛಲೋ ಅದಾವ, ಬಸ್ಸಿನ ಮಟ್ಟಕ್ಕ ಪ್ಲಾಟ್‌ಫಾರ್ಮ್ ಇರತೈತಿ, ಮೆಟ್ಟಲಾ ಹತ್ತೂದಿಲ್ಲ. ಆದ್ರ ನಿಲ್ದಾಣ ಇರೂದು ರಸ್ತೆ ನಟ್ಟನಡಕ. ಮನಿಯಿಂದ ನಿಲ್ದಾಣದ ಮಟಾ ಹೋಗಾಕ ಅರ್ಧಾ ರಸ್ತೆ ದಾಟಬೇಕು. ಆ ದಾಟೂದು ಹೆಂಗೈತಿ ಅನ್ನೂದರ ಮ್ಯಾಲ ಇಡೀ ಯೋಜನಾದ ಮಾರ್ಕು ಕೊಡಬೇಕ್ರೀ ನೀವು. ಹಂಪ್ ಹಾಕ್ಯಾರ ಅಂದ್ರ ಅದನ್ನೂ ಅಳೀರಿ. ದುಂಡನ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕಂತ ಪುಸ್ತಕದಾಗ ಐತಿ. ಓಣ್ಯಾಗ ಹಾಕೂದು ಒಂದ್ ಮೊಳ ಅಗಲ, ಗೇಣುದ್ದ ಎತ್ತರ. ಬಸುರಿ ಹೆಂಗಸ್ರು ಆಟೋದಾಗ ಹ್ಯಾಂಗ ಹೋಗಬೇಕು?

ಐಂಡ್ಹೋವನ್_ಹುಡ್ಗ

ನೆದರ್ಲೆಂಡ್ಸ್‌ನಿಂದ. ವೀಲ್‌ಚೇರ್ ಬಗ್ಗೆ ಬರೆದವರು ಹೇಳಿದ ಎರಡನೇ ದಾರಿ ಇಲ್ಲಿ ಮಾಮೂಲು. ಮುಖ್ಯರಸ್ತೆಯ ಫುಟ್‌ಪಾತು ಅಡ್ಡರಸ್ತೆ ಬಂದ್ರೂ ನಿಲ್ಲಲ್ಲ, ಅದೇ ಇಟ್ಟಿಗೆ, ಅದೇ ಮಟ್ಟದಲ್ಲಿ ದಾಟಿ ಹೋಗುತ್ತೆ. ಕಾರಿನವನು ಫುಟ್‌ಪಾತ್ ಹತ್ತಿ ಇಳೀಬೇಕು, ಹಾಗಾಗಿ ಅವನೇ ನಿಂತು ನೋಡ್ತಾನೆ.

ನನಗೆ ಇಲ್ಲಿ ಹಿಡಿಸಿದ್ದು ಇನ್ನೊಂದು. ಒಳಬೀದಿಗಳನ್ನ ಬಹಳ ಕಡೆ ಡಾಂಬರು ಹಾಕದೆ ಸುಟ್ಟ ಇಟ್ಟಿಗೆ ಅಥವಾ ಕಾಂಕ್ರೀಟ್ ಇಟ್ಟಿಗೆಯಲ್ಲೇ ಮಾಡ್ತಾರೆ. ಸಿಮೆಂಟಿಲ್ಲ, ಮರಳಿನ ಮೇಲೆ ಬಿಗಿಯಾಗಿ ಜೋಡಿಸೋದು ಅಷ್ಟೆ. ನಮ್ಮ ಬೀದೀಲಿ ಕೇಬಲ್ ಹಾಕೋಕೆ ಬಂದಾಗ ನೋಡಿದೆ. ಇಬ್ಬರು ಇಟ್ಟಿಗೆ ಎತ್ತಿ ಪಕ್ಕದಲ್ಲಿ ಅಟ್ಟಿ ಕಟ್ಟಿದ್ರು, ಅಗೆದು ಕೇಬಲ್ ಇಟ್ಟು ಮುಚ್ಚಿ, ಮರಳು ಕುಟ್ಟಿ, ಅವೇ ಇಟ್ಟಿಗೆ ವಾಪಸ್ ಹಾಕಿದ್ರು. ಕಡೆಗೆ ಮೇಲೆ ಸಣ್ಣ ಮರಳು ಚೆಲ್ಲಿ ಪೊರಕೆಯಲ್ಲಿ ಸಂದಿಗೆ ಗುಡಿಸಿದ್ರು. ಮಾರನೇ ದಿನ ಎಲ್ಲಿ ಅಗೆದಿದ್ರು ಅಂತ ಹುಡುಕಬೇಕಾಯ್ತು.

ಗುಂಡಿಗೆ_ಗುಂಡಿ

ನಮ್ಮಲ್ಲೂ ಇಂಟರ್‌ಲಾಕ್ ಹಾಗೇ ಎತ್ತಬಹುದು. ವಾಪಸ್ ಹಾಕೋದು ಸಿಲೆಬಸ್‌ನಲ್ಲಿ ಇಲ್ಲ.

ನಿವೃತ್ತ_ಎಇಇ

ಹಾಲೆಂಡಿನ ನೆಲವೇ ಕುಸಿಯೋ ನೆಲ, ಅವರಿಗೆ ಎತ್ತಿ ಹಾಕೋ ಅನಿವಾರ್ಯ ಇದೆ, ಆ ಕೈಕೆಲಸ ಬಲ್ಲವರೂ ಇದ್ದಾರೆ. ಇಲ್ಲಿ ಅದೇ ಮಾದರಿಯನ್ನು ಬಸ್ ಓಡೋ ರಸ್ತೆಗೆ ತರೋದು ನನಗೆ ಒಪ್ಪಿಗೆ ಇಲ್ಲ. ಆದರೆ ನಮ್ಮ ರಸ್ತೆಗಳನ್ನು ಕೊಲ್ಲೋದು ಅಗೆತ, ಅದು ಸತ್ಯ. ಬೆಂಗಳೂರಿನಲ್ಲಿ ಟೆಂಡರ್ ಶ್ಯೂರ್ ಅನ್ನೋ ಯೋಜನೆಯಲ್ಲಿ ಹೊಸದಾಗಿ ಮಾಡಿದ ರಸ್ತೆಗಳ ಮುಖ್ಯ ವಿಷಯ ಇದೇ ಆಗಿತ್ತು. ಜನ ಕಂಡದ್ದು ಅಗಲದ ಫುಟ್‌ಪಾತು, ಕಲ್ಲಿನ ಬೆಂಚು. ಸೇಂಟ್ ಮಾರ್ಕ್ಸ್, ರೆಸಿಡೆನ್ಸಿ, ಕನ್ನಿಂಗ್‌ಹ್ಯಾಂ, ವಿಠ್ಠಲ್ ಮಲ್ಯ ರಸ್ತೆಗಳಲ್ಲಿ ಫುಟ್‌ಪಾತಿನ ಕೆಳಗೆ ನೀರು, ಒಳಚರಂಡಿ, ವಿದ್ಯುತ್ತು, ಕೇಬಲ್ಲು ಎಲ್ಲಕ್ಕೂ ಬೇರೆ ಬೇರೆ ಕೊಳವೆ, ನಡುನಡುವೆ ಇಳಿದು ನೋಡೋಕೆ ಚೇಂಬರು. ಹೊಸ ಕೇಬಲ್ ಬಂದರೆ ಚೇಂಬರ್ ತೆಗೆದು ಎಳೆಯೋದು, ಅಗೆಯೋ ಹಾಗಿಲ್ಲ. ನಿಮ್ಮ ಬೀದಿಗೂ ಇದನ್ನೇ ಕೇಳಿ: ಮುಂದಿನ ವರ್ಷ ಯಾರಾದರೂ ಹೊಸ ಕೇಬಲ್ ತಂದರೆ ಎಲ್ಲಿ ಇಳಿಸ್ತಾರೆ? ಖಾಲಿ ಡಕ್ಟ್, ಅಂದರೆ ಕೇಬಲ್ ಎಳೆಯೋ ಕೊಳವೆ, ಇದೆಯಾ? ರಸ್ತೆ ಅಡ್ಡ ದಾಟೋ ಪೈಪು ಇಟ್ಟಿದ್ದಾರಾ? ಇದಕ್ಕೆ ಉತ್ತರ ಇಲ್ಲ ಅಂದರೆ ಮೇಲೆ ಅಮೃತಶಿಲೆ ಹಾಸಿದರೂ ಅದು ಒಂದು ವರ್ಷದ ರಸ್ತೆ.

ಬಸವನಗುಡಿ_ಬೆಂಚು

ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳನ್ನ 1898ರ ಪ್ಲೇಗಿನ ಹೊತ್ತಿಗೆ ಮಾಡಿದಾಗ ಮನೆಗಳ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಅಂದ್ರೆ ಮಲ, ಕಸ ಸಾಗಿಸೋ ಓಣಿ, ಬಿಟ್ಟಿದ್ರು. ಹೊಲಸು ಕೆಲಸ ಎಲ್ಲ ಹಿಂದುಗಡೆ, ಮುಂದಿನ ಬೀದಿ ಓಡಾಟಕ್ಕೆ. ಸೇವೆಗಳಿಗೆ ಪ್ರತ್ಯೇಕ ಜಾಗ ಅನ್ನೋದು ಹೊಸ ವಿಚಾರ ಏನಲ್ಲ. (ಆ ಕೆಲಸ ಯಾರ ಕೈಲಿ ಮಾಡಿಸ್ತಿದ್ರು ಅನ್ನೋದು ಬೇರೆ, ಅದು ಹೆಮ್ಮೆ ಪಡೋ ವಿಷಯ ಅಲ್ಲ.)

ಪೀಣ್ಯ_ಶಿಫ್ಟು

ಟೆಂಡರ್ ಶ್ಯೂರ್ ಹೊಗಳೋರಿಗೆ ಒಂದು ಪ್ರಶ್ನೆ. ಮೊದಲು ಆ ದುಡ್ಡು ಯಾವ ರಸ್ತೆಗಳಿಗೆ ಹೋಯ್ತು? ಎಲ್ಲಾ ಎಂ.ಜಿ. ರಸ್ತೆ ಸುತ್ತಮುತ್ತ. ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಶಿಫ್ಟು ಬಿಟ್ಟು ಸಾವಿರಾರು ಜನ ನಡೆಯೋ ರಸ್ತೇಲಿ ಚಪ್ಪಡಿ ಕಲ್ಲೇ ಇಲ್ಲ. ಗುಣಮಟ್ಟ ಅಳೆಯುವಾಗ ಆ ರಸ್ತೆ ಎಷ್ಟು ಜನಕ್ಕೆ ಬೇಕಿತ್ತು ಅನ್ನೋದಕ್ಕೂ ಮಾರ್ಕು ಇಡಿ.

ನಿವೃತ್ತ_ಎಇಇ

ನ್ಯಾಯವಾದ ಮಾತು. ನಾನು ಹೊಗಳಿದ್ದು ನೆಲದ ಕೆಳಗಿನ ವ್ಯವಸ್ಥೆಯನ್ನ. ಅದಕ್ಕೆ ಗ್ರಾನೈಟು ಬೇಕಾಗಿಲ್ಲ, ಸಾದಾ ಕಾಂಕ್ರೀಟ್ ಫುಟ್‌ಪಾತಿನ ಕೆಳಗೂ ಡಕ್ಟ್ ಕೂರುತ್ತೆ.

ಮೂರನೇ_ಮೇನ್

ಇನ್ನೊಂದು ತಕರಾರು. ತಿರುವಿನಲ್ಲಿ ಒಬ್ಬ ಹೂವಿನವರು ಕೂರ್ತಿದ್ರು, ಬಹಳ ವರ್ಷದಿಂದ. ಹೊಸ ಫುಟ್‌ಪಾತಲ್ಲಿ ಅವರಿಗೆ ಜಾಗ ಇಲ್ಲ. ಸಂಘದಲ್ಲಿ ಕೆಲವರು ‘ಒಳ್ಳೇದಾಯ್ತು, ಫುಟ್‌ಪಾತ್ ನಡೆಯೋಕೆ ಇರೋದು’ ಅಂತಾರೆ. ಅವರ ಕೈಲೇ ನಮ್ಮನೆಗೆ ದಿನಾ ಹೂವು ಬರೋದು, ಹಾಗಾಗಿ ನಾನು ನಿಷ್ಪಕ್ಷಪಾತಿ ಅಲ್ಲ.

ತರಕಾರಿ_ಗಾಡಿ_ಮಗ

ನಮ್ಮಮ್ಮ ಗಾಡಿಯಲ್ಲಿ ಸೊಪ್ಪು ಮಾರಿ ನನ್ನ ಡಿಪ್ಲೊಮಾ ಓದಿಸಿದ್ದು. ಬೀದಿಬದಿ ವ್ಯಾಪಾರಿಗಳ ಕಾಯ್ದೆ 2014ರ ಪ್ರಕಾರ ಸಮೀಕ್ಷೆ ಮಾಡಿ ಪ್ರಮಾಣಪತ್ರ ಕೊಡೋವರೆಗೆ ಯಾರನ್ನೂ ಎಬ್ಬಿಸೋ ಹಾಗಿಲ್ಲ. ವಾರ್ಡಿನದೋ ಊರಿನದೋ ಜನಸಂಖ್ಯೆಯ ಶೇ 2.5ರಷ್ಟು ವ್ಯಾಪಾರಿಗಳಿಗೆ ಜಾಗ ಮಾಡಿಕೊಡಬೇಕು ಅನ್ನೋ ಲೆಕ್ಕವೂ ಕಾಯ್ದೆಯಲ್ಲೇ ಇದೆ. ವಿನ್ಯಾಸ ಮಾಡುವಾಗ ಕಾರ್ ಪಾರ್ಕಿಂಗಿಗೆ ಬಿಳಿ ಗೆರೆ ಎಳೀತಾರೆ, ಹೂವಿನವರಿಗೆ ಒಂದೂವರೆ ಮೀಟರ್ ಗೆರೆ ಎಳೆಯೋಕೆ ಏನು ಕಷ್ಟ? ಕಂಬ, ಮರ ಇರೋ ಸಾಲಿನಲ್ಲೇ ಅವರಿಗೂ ಜಾಗ ಆಗುತ್ತೆ, ನಡೆಯೋ ದಾರಿಗೆ ತೊಂದರೆಯಿಲ್ಲ.

ಗಾಲಿಕುರ್ಚಿ_ಗೆಳತಿ

ನಾನೂ ಇದಕ್ಕೆ ಸೈ. ಅಂಗಡಿ ಇರೋ ಕಡೆ ರಾತ್ರಿ ಹೊತ್ತು ಧೈರ್ಯ ಇರುತ್ತೆ. ಆದ್ರೆ ತಿರುವಿನಲ್ಲಿ ಬೇಡ, ರ‍್ಯಾಂಪಿನ ಬಾಯಿಗೆ ಅಡ್ಡ ಆಗುತ್ತೆ, ಗಾಡಿ ಓಡಿಸೋರಿಗೆ ದಾಟೋರು ಕಾಣಲ್ಲ. ಹತ್ತು ಹೆಜ್ಜೆ ಒಳಗೆ.

ಹೊಂಗೆ_ನೆರಳು

ಮರದ ವಿಷಯ ಯಾರೂ ಎತ್ತಲಿಲ್ಲ. ಬುಡದವರೆಗೂ ಕಾಂಕ್ರೀಟ್ ಸುರಿದಿದ್ದಾರಾ ನೋಡಿ. 2013ರಲ್ಲೇ ದೆಹಲಿಯ ಮರಗಳ ವಿಚಾರದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೀರಿ ಅಂದಿತ್ತು. ಬೇರು ಕತ್ತರಿಸಿ ಕರ್ಬ್ ಕೂರಿಸಿದ್ರೆ ಮರ ಈಗ ಹಸಿರಾಗೇ ಕಾಣುತ್ತೆ, ಮುಂಗಾರಿನ ಮೊದಲ ಗಾಳಿಗೆ ಬೀಳೋದು ಅದೇ. ಹಾಗೇ ದೀಪ. ಕಂಬ ಎತ್ತರ, ಕೊಂಬೆ ಕೆಳಗೆ, ಬೆಳಕೆಲ್ಲ ಎಲೆಗೆ. ಹಗಲು ನೋಡಿದ್ರೆ ಗೊತ್ತಾಗಲ್ಲ, ರಾತ್ರಿ ಎಂಟರ ಮೇಲೆ ಹೋಗಿ.

ಮೂರನೇ_ಮೇನ್

ಸರಿ, ಪತ್ರದ ಕರಡು ಹೀಗೆ ಮಾಡಿದ್ದೀನಿ. ‘ತೃಪ್ತಿಕರ’ ಅನ್ನೋ ಪದ ಬಿಟ್ಟಿದ್ದೀನಿ. ಬದಲಿಗೆ: ದೀಪದ ಕಂಬಗಳನ್ನು ಕರ್ಬಿನ ಸಾಲಿಗೆ ಸರಿಸಬೇಕು, ಮೇಲೆದ್ದಿರೋ ಗ್ರೇಟಿಂಗುಗಳನ್ನು ಇಳಿಸಬೇಕು, ಟ್ರಾನ್ಸ್‌ಫಾರ್ಮರ್ ಹತ್ತಿರ ಹಳದಿ ಟೈಲ್ಸ್ ಸುತ್ತು ಹಾಕಿಸಬೇಕು, ಗೇಟುಗಳ ಹತ್ತಿರ ಫುಟ್‌ಪಾತಿನ ಮಟ್ಟ ಸರಿ ಮಾಡಬೇಕು, ಖಾಲಿ ಡಕ್ಟ್ ಎಲ್ಲಿದೆ ಅಂತ ನಕ್ಷೆ ಕೊಡಬೇಕು, ಹೂವಿನವರ ಜಾಗ ಗುರುತಿಸಬೇಕು. ಎಂ-ಬುಕ್ ನಕಲಿಗೆ ಬೇರೆ ಅರ್ಜಿ. ಮರಗಳು ಮತ್ತು ದೀಪ ಇವತ್ತು ರಾತ್ರಿ ನೋಡಿ ಸೇರಿಸ್ತೀನಿ.

ನಿವೃತ್ತ_ಎಇಇ

ದೋಷ ಹೊಣೆಗಾರಿಕೆ ಅವಧಿ ಬಿಟ್ಟಿರಿ. ಟೆಂಡರಿನಲ್ಲಿ ಎಷ್ಟು ವರ್ಷ ಅಂತ ಇರುತ್ತೆ. ಅಷ್ಟು ದಿನ ಕಿತ್ತುಬಂದರೆ ಗುತ್ತಿಗೆದಾರರೇ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು. ಶುರುವಾದ ತಾರೀಕು, ಮುಗಿಯೋ ತಾರೀಕು ಬರೆದ ಬೋರ್ಡು ಬೀದಿಯ ಎರಡೂ ತುದಿಗೆ ಹಾಕಿಸಿ. ಗೇಟಿನ ಮಟ್ಟದ ವಿಷಯಕ್ಕೆ ಮನೆಯವರೇ ಜಗಳಕ್ಕೆ ಬರ್ತಾರೆ, ತಮ್ಮ ರ‍್ಯಾಂಪು ರಸ್ತೆಗೆ ಎರಡಡಿ ಚಾಚಿರುತ್ತಲ್ಲ. ಅದನ್ನು ಪತ್ರದಲ್ಲಿ ಕೊನೆಗೆ ಹಾಕಿ, ಮೊದಲಿನವಕ್ಕೆ ಎಲ್ಲರ ಸಹಿ ಬೀಳಲಿ.

ಆಕ್ಟಿವಾ_ಅಪ್ಪಾಜಿ

ಕಾರ್ ಪಾರ್ಕಿಂಗು?

ಮೂರನೇ_ಮೇನ್

ಅದಕ್ಕೆ ಬೇರೆ ಥ್ರೆಡ್ ಮಾಡಿ ಅಪ್ಪಾಜಿ, ನಾನು ಬರಲ್ಲ.